ಬಿಎಂಟಿಸಿ 365, ಮೆಜೆಸ್ಟಿಕ್ ಟು ಬನ್ನೇರುಘಟ್ಟ: ನನ್ನ ಮಗಳು ಮೊದಲನೇ ಟಿಕೆಟ್ ತಗೊಂಡ ಬಸ್ಸು

ಮೊದ್ಲೇ ಹೇಳ್ಬಿಡ್ತೀನಿ, ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ. ಯಾಕೆ ಅಂತ ಹೇಳೋಕೆ ಹೋದ್ರೆ ಸ್ವಲ್ಪ ಉದ್ದ ಆಗುತ್ತೆ, ಟೈಮ್ ಇಲ್ದೋರು ಇಷ್ಟು ತಿಳ್ಕೊಂಡ್ರೆ ಸಾಕು: ಮಕ್ಕಳನ್ನ ಬನ್ನೇರುಘಟ್ಟ ಪಾರ್ಕಿಗೆ ಕರ್ಕೊಂಡು ಹೋಗೋದಾದ್ರೆ ಮೆಜೆಸ್ಟಿಕ್‌ನಲ್ಲೇ 365 ಹತ್ತಿ, ಬೆಳಗ್ಗೆ ಬೇಗ ಹೊರಡಿ, ಮಂಗಳವಾರ ಮಾತ್ರ ಹೋಗ್ಬೇಡಿ ಪಾರ್ಕಿಗೆ ರಜಾ, ಹೆಂಗಸರು ಆಧಾರ್ ಕಾರ್ಡ್ ಜೊತೇಲಿಟ್ಕೊಳಿ, ಮತ್ತೆ ಮಗೂಗೆ 6 ತುಂಬಿದ್ರೆ ಟಿಕೆಟ್ಟನ್ನ ಮಗು ಬಾಯಲ್ಲೇ ಕೇಳ್ಸಿ ಮಗು ಕೈಗೇ ಕೊಡ್ಸಿ. ಈ ಕೊನೇದಕ್ಕೋಸ್ಕರಾನೇ ನಾನು ಇಷ್ಟೆಲ್ಲ ಬರೀತಿರೋದು.

ನಾವಿರೋದು ಹನುಮಂತನಗರದಲ್ಲಿ. ನಂಗೆ ಜಯನಗರದ ಒಂದು ಲ್ಯಾಬಲ್ಲಿ ಬಿಲ್ಲಿಂಗ್ ಕೌಂಟರ್ ಕೆಲ್ಸ, ರಕ್ತ ಕೊಡೋಕೆ ಬರೋರ ಹೆಸ್ರು ವಯಸ್ಸು ಕೇಳಿ ಬಿಲ್ ಹರಿದು ಕೊಡೋದು, ಹನ್ನೊಂದು ವರ್ಷ ಆಯ್ತು, ಹನ್ನೊಂದು ವರ್ಷದಿಂದ್ಲೂ ಬಸ್ಸಲ್ಲೇ ಓಡಾಟ. ಮಗಳೂ ಬಸ್ಸಲ್ಲೇ ಬೆಳೆದ್ಲು ಅನ್ಬೋದು, ನಮ್ಮಮ್ಮನ ಮನೆಗೆ, ಇಂಜೆಕ್ಷನ್ ಹಾಕ್ಸೋಕೆ, ಹಬ್ಬಕ್ಕೆ ಬಟ್ಟೆ ತರೋಕೆ, ಎಲ್ಲಾದಕ್ಕೂ ನನ್ನ ತೊಡೆ ಮೇಲೆ ಕೂತ್ಕೊಂಡೇ ಬರ್ತಿದ್ಲು. 6 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಬೇಡ ಅಲ್ವಾ, ನಾವು ದೊಡ್ಡೋರು ಅದನ್ನ ಅನುಕೂಲ ಅಂದ್ಕೊಂಡಿದೀವಿ, ಅವಳಿಗೆ ಮಾತ್ರ ಅದು ಬೇರೆ ಥರಾನೇ ಕಾಣ್ತಿತ್ತು. ಪ್ರತಿ ಸಲ ಕಂಡಕ್ಟರ್ ಬಂದಾಗ ಕೈ ಚಾಚೋಳು. "ನಿಂಗೆ ಬೇಡಮ್ಮ" ಅಂತ ಅವರು ಪ್ರೀತಿಯಿಂದ್ಲೇ ಹೇಳಿ ಮುಂದೆ ಹೋಗೋರು. ನಾಲ್ಕೂವರೆ ವರ್ಷ ಇರ್ಬೇಕು ಆಗ, ಒಂದಿನ ಸೌತ್ ಎಂಡ್ ಸರ್ಕಲ್ ಹತ್ರ ನನ್ನ ಮುಖ ತಿರುಗಿಸಿ ಹಿಡ್ಕೊಂಡು ಕೇಳಿದ್ಲು, "ಅಮ್ಮ ನಾನು ಬಸ್ಸಲ್ಲಿ ಇಲ್ವಾ?"

ಇದೀಯಲ್ಲ ಪುಟ್ಟಿ, ಯಾಕೆ ಹಂಗಂತೀಯ ಅಂದೆ. "ಮತ್ತೆ ಎಲ್ಲಾರ್ಗೂ ಕೊಟ್ರು, ನಂಗೆ ಕೊಡ್ಲಿಲ್ಲ." ಆರು ವರ್ಷ ಆಗ್ಲಿ ಆಮೇಲೆ ನಿಂಗೂ ಕೊಡ್ತಾರೆ ಅಂತ ಸಮಾಧಾನ ಮಾಡ್ದೆ, ನಾನು ಆವತ್ತೇ ಮರ್ತೆ, ಅವಳು ಮರೀಲಿಲ್ಲ. ಒಂದೂವರೆ ವರ್ಷ ಕಾದಿದಾಳೆ. ಹುಟ್ಟಿದ ಹಬ್ಬಕ್ಕೆ ಏನು ಬೇಕು ಕಂದ ಅಂತ ಅವರಪ್ಪ ಕೇಳಿದ್ರೆ ಸೈಕಲ್ ಕೇಳ್ಬೋದು ಅಂತ ನಾವು ಒಳಗೊಳಗೇ ಲೆಕ್ಕ ಹಾಕ್ತಿದ್ವಿ, ಅವಳು "ಟಿಕೆಟ್" ಅಂದ್ಲು. ಯಾವ ಟಿಕೆಟ್ಟು? "ಬಸ್ ಟಿಕೆಟ್. ನಂದು. ದೂರ ಹೋಗೋದು."

ಮೆಟ್ರೋದಲ್ಲಿ 3 ಅಡಿ ದಾಟಿದ ಮಕ್ಕಳಿಗೆ ಬೇರೆ ಟಿಕೆಟ್ ಬೇಕು, ಹಂಗಾಗಿ ಅವಳಿಗೆ ಟೋಕನ್ ಯಾವತ್ತೋ ಸಿಕ್ಕಿತ್ತು. ಅದು ಆಗಲ್ವಾ ಅಂದ್ರೆ ಇಲ್ಲ, ಯಾಕಂದ್ರೆ ಹೊರಗಡೆ ಬರುವಾಗ ಆ ಗೇಟು ಟೋಕನ್ ವಾಪಸ್ ತಗೊಂಡ್ಬಿಡುತ್ತೆ, ಬಸ್ಸಿನ ಟಿಕೆಟ್ ನಮ್ಮ ಹತ್ರಾನೇ ಇರುತ್ತೆ. ಇದನ್ನ ಅವಳು ಎಷ್ಟು ದಿನದಿಂದ ಯೋಚ್ನೆ ಮಾಡಿದ್ಲೋ ಏನೋ. ಆಮೇಲೆ ಇನ್ನೊಂದು ಷರತ್ತು, ಬಸ್ಸು ಹುಟ್ಟೋ ಜಾಗದಲ್ಲೇ ಹತ್ಬೇಕು, ಮುಗಿಯೋ ಜಾಗದಲ್ಲೇ ಇಳೀಬೇಕು. ಹನುಮಂತನಗರದಿಂದ ಬನ್ನೇರುಘಟ್ಟಕ್ಕೆ ಹೋಗೋಕೆ ಮೆಜೆಸ್ಟಿಕ್‌ಗೆ ಯಾರಾದ್ರೂ ಹೋಗ್ತಾರಾ, ಸುತ್ತು ಅದು, ಆದ್ರೂ ಹೋದ್ವಿ. ಮನೆ ಹತ್ರದ ಬಸ್ಸಲ್ಲಿ ಮೆಜೆಸ್ಟಿಕ್‌ಗೆ ಹೋದ್ರೆ ಮೊದಲನೇ ಟಿಕೆಟ್ಟು ಅಲ್ಲೇ ಆಗೋಗುತ್ತಲ್ಲ, ಅದಕ್ಕೆ ನ್ಯಾಷನಲ್ ಕಾಲೇಜ್ ಸ್ಟೇಷನ್‌ನಿಂದ ಗ್ರೀನ್ ಲೈನ್ ಹಿಡಿದು ಕೆ.ಆರ್. ಮಾರ್ಕೆಟ್, ಚಿಕ್ಕಪೇಟೆ, ಮೆಜೆಸ್ಟಿಕ್ ಅಂತ ಮೂರೇ ಸ್ಟಾಪಿಗೆ ಇಳಿದು ಮೇಲೆ ಬಂದು ಬಸ್ ಸ್ಟ್ಯಾಂಡಿಗೆ ನಡ್ಕೊಂಡು ಹೋದ್ವಿ. ಭಾನುವಾರ ಬೆಳಗ್ಗೆ ಮೆಜೆಸ್ಟಿಕ್ ಸ್ವಲ್ಪ ಉಸಿರಾಡೋ ಹಂಗಿರುತ್ತೆ. 365 ನಿಂತಿತ್ತು, ಖಾಲಿ, ಅವಳು ಮುಂದಿನ ಬಾಗ್ಲಿಂದ ಹತ್ತಿ ಎಡಗಡೆ ಮೊದಲನೇ ಸೀಟು ಹಿಡಿದ್ಲು, ಎದುರುಗಡೆ ಇಡೀ ಗ್ಲಾಸು ಕಾಣೋ ಸೀಟು. ಮಕ್ಕಳಿದ್ರೆ ಇದೇ ಸೀಟು ಹಿಡೀರಿ, ಅದಕ್ಕೇ ಮೆಜೆಸ್ಟಿಕ್‌ನಲ್ಲೇ ಹತ್ತಿ ಅಂತ ಹೇಳಿದ್ದು, ಮಧ್ಯದಲ್ಲೆಲ್ಲೋ ಹತ್ತಿದ್ರೆ ಇದು ಸಿಗೋದು ಕಷ್ಟ.

ಈಗ ಟಿಕೆಟ್ ವಿಷ್ಯ. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಕರ್ನಾಟಕದ ಹೆಂಗಸರಿಗೆಲ್ಲ ಆರ್ಡಿನರಿ ಬಸ್ಸಲ್ಲಿ ದುಡ್ಡಿಲ್ಲ, ಎಸಿ ಬಸ್ಸಿಗೆ ಮಾತ್ರ ಅನ್ವಯ ಆಗಲ್ಲ. 6 ತುಂಬಿದ ಹೆಣ್ಣು ಮಕ್ಕಳೂ ಅದರಲ್ಲೇ ಬರ್ತಾರೆ, ಗಂಡು ಮಕ್ಕಳಿಗಾದ್ರೆ 12ರವರೆಗೆ ಅರ್ಧ ಟಿಕೆಟ್. ದುಡ್ಡಿಲ್ಲ ಅಂದ್ರೂ ಟಿಕೆಟ್ ತಗೊಳ್ಲೇಬೇಕು, ಶೂನ್ಯ ಟಿಕೆಟ್ ಅಂತಾರೆ, ಮಿಷಿನ್ನಿಂದ ಹರಿದು ಕೊಡ್ತಾರೆ. ಅಂದ್ರೆ ನನ್ನ ಮಗಳು ಒಂದೂವರೆ ವರ್ಷ ಕಾದಿದ್ದು ಬೆಲೆ ಸೊನ್ನೆ ಅಂತ ಬರ್ದಿರೋ ಒಂದು ಚೀಟಿಗೆ.

ಕಂಡಕ್ಟರ್ ಐವತ್ತರ ಹತ್ರ ವಯಸ್ಸಿನೋರು, ಕನ್ನಡಕ ಮೂಗಿನ ತುದೀಲಿ. ನಮ್ಮ ಹತ್ರ ಬಂದಾಗ ನಾನು ಅಭ್ಯಾಸಬಲದಲ್ಲಿ ಮೆಲ್ಲಗೆ "ಬನ್ನೇರುಘಟ್ಟ ಎರಡು" ಅಂದೆ. ಮಗಳು ನನ್ನ ಮೊಣಕೈ ಎಳೆದು "ಎರಡಲ್ಲ, ನಿಂದು ಒಂದು ನಂದು ಒಂದು" ಅಂತ ಎದ್ದು ನಿಂತ್ಲು. ಅವರು ನಿಂತ್ರು. ಕನ್ನಡಕ ಸರಿ ಮಾಡ್ಕೊಂಡು ಸ್ವಲ್ಪ ಬಗ್ಗಿ, ನನ್ನ ಕಡೆ ನೋಡ್ಲೇ ಇಲ್ಲ, ಅವಳನ್ನೇ ನೋಡಿ "ಎಲ್ಲಿಗೆ ಮೇಡಂ?" ಅಂತ ಕೇಳಿದ್ರು.

"ಬನ್ನೇರುಘಟ್ಟ. ಒಂದು." ಇಡೀ ಬಸ್ಸಿಗೆ ಕೇಳ್ಸೋ ಹಂಗೆ.

"ಎಷ್ಟು ವರ್ಷ?"

"ಆರು. ಗುರುವಾರ ಆಯ್ತು."

ಆಧಾರ್ ತೋರಿಸೋಕೆ ನಾನು ಬ್ಯಾಗಿಗೆ ಕೈ ಹಾಕಿದೆ, ಅವಳು ಅಷ್ಟ್ರಲ್ಲಿ ತನ್ನ ಫ್ರಾಕಿನ ಜೇಬಿಂದ ಅವಳ ಕಾರ್ಡನ್ನ ಅವಳೇ ತೆಗೆದು ಎರಡೂ ಕೈಯಲ್ಲಿ ಹಿಡಿದು ತೋರ್ಸಿದ್ಲು, ಯಾವಾಗ ಬೀರುವಿಂದ ತೆಗ್ದಿದ್ಲೋ ದೇವ್ರಿಗೇ ಗೊತ್ತು. ಅವರು ಕಾರ್ಡನ್ನ ಇಸ್ಕೊಂಡು ನಿಜವಾಗ್ಲೂ ಓದಿದ್ರು, ವಾಪಸ್ ಕೊಟ್ರು, ಮಿಷಿನ್ ಒತ್ತಿದ್ರು, ಚೀಟಿ ಹರಿದು ಅವಳ ಅಂಗೈ ಮೇಲೆ ಇಟ್ರು. ಆಮೇಲೆ ನಂಗೊಂದು ಕೊಟ್ರು. ಅವರಪ್ಪ ಹಿಂದಿನ ಸೀಟಲ್ಲಿ ಯುಪಿಐ ಮಾಡಿ ತಮ್ಮದು ತಗೊಂಡ್ರು. ಇಷ್ಟೇ ಆಗಿದ್ದು, ಅರ್ಧ ನಿಮಿಷದ ಕೆಲ್ಸ. ಆದ್ರೆ ಆ ಅರ್ಧ ನಿಮಿಷ ಅವರು ಅವಸರ ಮಾಡ್ಲಿಲ್ಲ, ಕೆನ್ನೆ ಹಿಂಡ್ಲಿಲ್ಲ, ಅಯ್ಯೋ ಮುದ್ದು ಅಂತ ನಕ್ಕು ನನ್ನ ಮುಖ ನೋಡ್ಲಿಲ್ಲ. ಒಬ್ಬ ಪ್ಯಾಸೆಂಜರ್ ಟಿಕೆಟ್ ಕೇಳಿದ್ರು, ಒಬ್ಬ ಕಂಡಕ್ಟರ್ ಟಿಕೆಟ್ ಕೊಟ್ರು. ಅವರ ಹೆಸ್ರು ನಂಗೆ ಗೊತ್ತಿಲ್ಲ, ಇದನ್ನ ಓದಿದ್ರೆ ಅವರಿಗೆ ನನ್ನ ನಮಸ್ಕಾರ.

ಇಲ್ಲಿ ನನ್ನ ವಿಷ್ಯ ಒಂಚೂರು ಹೇಳ್ಬೇಕು. ಶಕ್ತಿ ಬರೋಕೆ ಮುಂಚೆ ನಾನು ತಿಂಗಳಿಗೆ 1050 ರೂಪಾಯಿ ಕೊಟ್ಟು ಪಾಸ್ ತಗೋತಿದ್ದೆ. ಅದು ಉಳಿಯೋಕೆ ಶುರುವಾದ ಮೇಲೆ ತಿಂಗಳಿಗೆ ಸಾವಿರ ರೂಪಾಯಿ ಪೋಸ್ಟಾಫೀಸಲ್ಲಿ ಇವಳ ಹೆಸ್ರಲ್ಲಿ ಸುಕನ್ಯಾ ಸಮೃದ್ಧಿಗೆ ಕಟ್ತಿದೀನಿ, ಒಂದು ತಿಂಗಳೂ ತಪ್ಸಿಲ್ಲ. ನನ್ನ ಸಂಬಳದಲ್ಲಿ ಸಾವಿರ ಅಂದ್ರೆ ಸಣ್ಣದಲ್ಲ. ಅಷ್ಟು ಉಪಕಾರ ಆಗಿದ್ರೂ ಆ ಶೂನ್ಯ ಟಿಕೆಟ್ಟನ್ನ ನಾನು ಯಾವತ್ತೂ ನೆಟ್ಟಗೆ ಕೈ ಚಾಚಿ ತಗೊಂಡಿರ್ಲಿಲ್ಲ. ಶುರುವಿನಲ್ಲಿ ಒಂದ್ಸಲ ಸಂಜೆ ತುಂಬಿದ ಬಸ್ಸಲ್ಲಿ ನಾನು ಕೂತಿದ್ದೆ, ಪಕ್ಕದಲ್ಲಿ ನಿಂತಿದ್ದ ಒಬ್ಬರು ಯಾರಿಗೋ ಹೇಳೋ ಥರ ಜೋರಾಗಿ "ದುಡ್ಡು ಕೊಟ್ಟೋರು ನಿಂತಿದೀವಿ, ಫ್ರೀ ಬಂದೋರು ಕೂತಿದಾರೆ" ಅಂದ್ರು. ನಂಗೆ ಮುಖಕ್ಕೆ ಹೊಡೆದ ಹಂಗಾಯ್ತು, ಎದ್ದು ಸೀಟು ಬಿಟ್ಟೆ, ಅವರು ಕೂರ್ಲೂ ಇಲ್ಲ, ಯಾರೂ ಕೂರ್ಲಿಲ್ಲ, ಆ ಸೀಟು ಎರಡು ಸ್ಟಾಪ್ ಹಂಗೇ ಖಾಲಿ ಇತ್ತು, ನಾನು ಅದರ ಪಕ್ಕ ನಿಂತಿದ್ದೆ. ಆವತ್ತಿಂದ ಟಿಕೆಟ್ ಕೇಳುವಾಗ ದನಿ ತಾನಾಗೇ ಸಣ್ಣದಾಗೋಯ್ತು. ಸ್ಟಾಪಿನ ಹೆಸ್ರು ಬಾಯೊಳಗೇ ಹೇಳೋದು, ಚೀಟಿ ಕೊಟ್ಟ ತಕ್ಷಣ ಮುದ್ರಿ ಬ್ಯಾಗಿಗೆ ಹಾಕೋದು, ಯಾರೂ ನೋಡ್ಬಾರ್ದು ಅನ್ನೋ ಹಂಗೆ. ಆಫೀಸಲ್ಲೂ ಬಸ್ಸಿನ ಮಾತು ಬಂದ್ರೆ "ನಿಮಗೇನು ಬಿಡಿ" ಅನ್ನೋರು ಇದಾರೆ, ಕೆಟ್ಟ ಮನಸ್ಸಿಂದ ಅನ್ನಲ್ಲ ಅವರು, ಆದ್ರೂ ಚುಚ್ಚುತ್ತೆ.

ಅದಕ್ಕೇ ಇವಳು "ಬನ್ನೇರುಘಟ್ಟ, ಒಂದು" ಅಂತ ಬಸ್ಸಿಗೆಲ್ಲ ಕೇಳ್ಸೋ ಹಂಗೆ ಅಂದಾಗ ನಂಗೆ ಮೊದ್ಲು ಆಗಿದ್ದು ಸಂತೋಷ ಅಲ್ಲ, ಗಾಬರಿ. ಮೆಲ್ಲಗೆ ಮಾತಾಡೇ ಅಂತ ಬಾಯಿಗೆ ಬಂದಿತ್ತು. ಹೇಳ್ಲಿಲ್ಲ ಸದ್ಯ.

ಹೇಳಿದ್ರೆ ನಮ್ಮಮ್ಮ ಮಾಡಿದ್ದನ್ನೇ ನಾನೂ ಮಾಡ್ದಂಗೆ ಆಗ್ತಿತ್ತು. ನಾನು ಚಿಕ್ಕೋಳಿದ್ದಾಗ ಇದಕ್ಕೆ ಬಿಟಿಎಸ್ ಅಂತಿದ್ರು, 1997ರಲ್ಲಿ ತಾನೇ ಬಿಎಂಟಿಸಿ ಅಂತ ಆಗಿದ್ದು, ಬಿಟಿಎಸ್ ಅಂದ್ರೆ "ಬಿಟ್ರೆ ತಿರ್ಗಾ ಸಿಗಲ್ಲ" ಅಂತ ನಮ್ಮಪ್ಪ ಹೇಳೋರು, ಆ ಕಾಲದೋರಿಗೆಲ್ಲ ಗೊತ್ತಿರುತ್ತೆ ಈ ಮಾತು. ನಂಗೆ ಏಳು ವರ್ಷ ಆಗಿತ್ತು, ಅರ್ಧ ಟಿಕೆಟ್ ತಗೋಬೇಕಿತ್ತು, ಆಗ ಮನೇಲಿ ಕಷ್ಟ. ಅಮ್ಮ ಬಸ್ ಸ್ಟಾಪಲ್ಲೇ ಹೇಳಿಕೊಡೋಳು, ಕೇಳಿದ್ರೆ ಐದು ಅನ್ನು, ಮಂಡಿ ಸ್ವಲ್ಪ ಮಡಚ್ಕೊಂಡು ನಿಂತ್ಕೋ, ನನ್ನ ಸೆರಗಿನ ಹಿಂದೆ ಇರು. ಏಳು ವರ್ಷದ ಹುಡುಗಿಗೆ ಏಳು ಅನ್ನೋದು ಎಷ್ಟು ದೊಡ್ಡ ವಿಷ್ಯ ಅಲ್ವಾ, ಎರಡನೇ ಕ್ಲಾಸು, ಮಗ್ಗಿ ಬರುತ್ತೆ, ಎರಡು ಜಡೆ ನಾನೇ ಹಾಕ್ಕೋತೀನಿ, ಅದನ್ನೆಲ್ಲ ಮಡಚಿಟ್ಟು ಐದು ಆಗ್ಬೇಕು. ಒಂದ್ಸಲ ಕಂಡಕ್ಟರ್ ಎಷ್ಟಮ್ಮ ವಯಸ್ಸು ಅಂದಾಗ ತಡ್ಕೊಳೋಕಾಗ್ದೆ "ಏಳು" ಅಂದ್ಬಿಟ್ಟೆ. ಅಮ್ಮ ಏನೂ ಮಾತಾಡ್ದೆ ಸೆರಗಿನ ತುದಿ ಗಂಟು ಬಿಚ್ಚಿ ಚಿಲ್ಲರೆ ಎಣಿಸಿ ಕೊಟ್ಲು. ಇಳಿದ ಮೇಲೆ ಬೈಲೂ ಇಲ್ಲ, ತರಕಾರಿ ಚೀಲದಲ್ಲಿ ಒಂದು ಐಟಂ ಕಮ್ಮಿ ಆಯ್ತು ಅಷ್ಟೇ. ನಂಗೆ ಆಗ ಅರ್ಥ ಆಗಿದ್ದು ಏನಂದ್ರೆ ನಾನು ದೊಡ್ಡೋಳಾಗೋದ್ರಿಂದ ಅಮ್ಮಂಗೆ ಖರ್ಚು ಅಂತ. ಮೂವತ್ತು ವರ್ಷದ ಹಿಂದಿನ ಮಾತು, ಇನ್ನೂ ಮಂಡಿ ಮಡಚಿದ್ದು ನೆನಪಿದೆ ನೋಡಿ. ಇವತ್ತು ನನ್ನ ಮಗಳಿಗೆ ಯಾರೂ ಐದು ಅನ್ನು ಅಂತ ಹೇಳಿಕೊಡೋ ಅಗತ್ಯಾನೇ ಇಲ್ಲ, ಅವಳು ಎಷ್ಟಿದಾಳೋ ಅಷ್ಟೇ ನೆಟ್ಟಗೆ ನಿಂತು ಆರು ಅನ್ಬೋದು. ಶಕ್ತಿ ಯೋಜನೆ ಬಗ್ಗೆ ಯಾರು ಏನೇ ವಾದ ಮಾಡ್ಲಿ, ಇದೊಂದಕ್ಕೆ ನಾನು ಋಣಿ.

ಬಸ್ಸು ಹೊರಟ ಮೇಲೆ ಟಿಕೆಟ್ಟನ್ನ ತಿರುಗಿಸಿ ಮುರುಗಿಸಿ ನೋಡಿದ್ಲು. ಓದೋಕೆ ಬರುತ್ತೆ ಈಗ, ಎಲ್ಲಿಂದ ಎಲ್ಲಿಗೆ, ಎಷ್ಟೊತ್ತಿಗೆ, ಎಲ್ಲಾ ಅಕ್ಷರ ಕೂಡಿಸಿ ಓದಿದ್ಲು. ಕೊನೆಗೆ ಸೊನ್ನೆ ಸಿಕ್ತು. "ಅಮ್ಮ, ಸೊನ್ನೆ ಅಂದ್ರೆ ಏನೂ ಇಲ್ಲ ಅಂತ ಅಲ್ವಾ? ಏನೂ ಇಲ್ದೆ ಇದ್ರೆ ಯಾಕೆ ಬರೆದವ್ರೆ?" ನಂಗೆ ಥಟ್ ಅಂತ ಉತ್ತರ ಹೊಳೀಲಿಲ್ಲ. ಕಂಡಕ್ಟರ್ ಮುಂದೇನೇ ನಿಂತಿದ್ರು, ಅವರೇ ಹೇಳಿದ್ರು, ಸೊನ್ನೆ ನಿಂಗಮ್ಮ, ಬಸ್ಸಿಗೆ ಸೊನ್ನೆ ಅಲ್ಲ, ಈ ಟಿಕೆಟ್ ಎಲ್ಲ ಲೆಕ್ಕ ಆಗುತ್ತೆ, ಎಷ್ಟು ಜನ ಎಲ್ಲಿಂದ ಎಲ್ಲಿಗೆ ಹೋದ್ರು ಅಂತ, ಆ ಲೆಕ್ಕ ನೋಡಿ ಸರ್ಕಾರ ನಮಗೆ ದುಡ್ಡು ಕಟ್ಟುತ್ತೆ, ನೀನು ಟಿಕೆಟ್ ತಗೊಳ್ದೇ ಕೂತಿದ್ರೆ ನೀನು ಈ ಬಸ್ಸಲ್ಲಿ ಬಂದೇ ಇಲ್ಲ ಅಂತ ಲೆಕ್ಕ.

ಅವಳು ನನ್ನ ಕಡೆ ತಿರುಗಿ ನೋಡಿದ ನೋಟ ಇದೆಯಲ್ಲ, ನಾನು ಅವತ್ತೇ ಹೇಳಿರ್ಲಿಲ್ವಾ ಅನ್ನೋ ಥರ. ಹೌದು, ಒಂದೂವರೆ ವರ್ಷದ ಹಿಂದೆ ಸೌತ್ ಎಂಡ್ ಸರ್ಕಲ್‌ನಲ್ಲಿ ಅವಳು ಕೇಳಿದ್ದೂ ಅದೇ ತಾನೇ, ನಾನು ಬಸ್ಸಲ್ಲಿ ಇಲ್ವಾ ಅಂತ. ನಾನು ಅದನ್ನ ಮಗುವಿನ ಮಾತು ಅಂದ್ಕೊಂಡು ಬಿಟ್ಟಿದ್ದೆ. ದಿನಾ ಕೌಂಟರ್‌ನಲ್ಲಿ ಕೂತು "ಬಿಲ್ ಇಲ್ದೆ ಇದ್ರೆ ನಮ್ಮ ಲೆಕ್ಕದಲ್ಲಿ ನೀವು ಬಂದೇ ಇಲ್ಲ ಸಾರ್" ಅಂತ ಜನಕ್ಕೆ ಹೇಳೋಳು ನಾನು, ನನ್ನ ಕೈಯಲ್ಲೇ ಇದ್ದ ಚೀಟಿಗೂ ಅದೇ ಅರ್ಥ ಅಂತ ನಂಗೆ ಹೊಳೆದಿರ್ಲಿಲ್ಲ. ನಾನು ಎದ್ದು ಬಿಟ್ಟ ಸೀಟಲ್ಲೂ ನಾನೊಬ್ಬಳು ಲೆಕ್ಕಕ್ಕಿರೋ ಪ್ಯಾಸೆಂಜರೇ ಆಗಿದ್ದೆ.

ಅಲ್ಲಿಂದ ಶುರುವಾಯ್ತು ಅವಳ ಡ್ಯೂಟಿ. ಲೆಕ್ಕ ತಪ್ಪಿದ್ರೆ ಬಸ್ಸಿಗೆ ದುಡ್ಡು ಬರಲ್ಲ ಅಂತ ಗೊತ್ತಾಯ್ತಲ್ಲ, ಹತ್ತಿದ ಪ್ರತಿಯೊಬ್ಬ ಹೆಂಗಸರನ್ನೂ ಕೇಳೋಕೆ ಶುರು ಮಾಡಿದ್ಲು, "ಆಂಟಿ ಟಿಕೆಟ್ ತಗೊಂಡ್ರಾ?" ಕಾರ್ಪೊರೇಷನ್ ಹತ್ರ ಮೂರು ಜನ ಕಾಲೇಜು ಹುಡ್ಗೀರು ಹತ್ತಿದ್ರು, ತಗೋತೀವಿ ಕಣೇ ಅಂತ ನಕ್ರು, ತಗೊಂಡ ಮೇಲೆ ಮೂರು ಜನಾನೂ ಚೀಟಿ ಎತ್ತಿ ತೋರ್ಸಿದ್ರು. ಒಬ್ರು ಅಜ್ಜಿ ಹತ್ತಿದ್ರು, ಎರಡು ಕೈಲೂ ಹೂವಿನ ಚೀಲ, ಮಾರ್ಕೆಟ್ಟಿಂದ ಬಂದಿದ್ರು ಅನ್ಸುತ್ತೆ, ನಮ್ಮ ಪಕ್ಕದ ಸೀಟಲ್ಲಿ ಕೂತ್ರು. ಅವರ ಟಿಕೆಟ್ಟು ಕೊಟ್ಟಾಗ ಕೈ ಖಾಲಿ ಇರ್ಲಿಲ್ಲ, ಅದನ್ನ ಮಗಳ ಕಡೆ ಚಾಚಿ "ತಗೋ ಮಗ ನೀನೇ ಆಟ ಆಡ್ಕೋ, ನಂಗ್ಯಾಕೆ ಇದು" ಅಂದ್ರು. ಇವಳು ಇಸ್ಕೊಳ್ಲಿಲ್ಲ. "ಬೇಡ ಅಜ್ಜಿ, ಅದು ನಿಮ್ದು. ಚೆಕಿಂಗ್ ಬಂದ್ರೆ ನೀವು ಬಸ್ಸಲ್ಲಿ ಇಲ್ಲ ಅಂದ್ಬಿಡ್ತಾರೆ." ಅಜ್ಜಿ ಒಂದು ಕ್ಷಣ ಸುಮ್ನಿದ್ರು. ಆಮೇಲೆ ಚೀಲ ಕಾಲ ಹತ್ರ ಇಟ್ಟು, ಸೊಂಟದಿಂದ ಎಲೆ ಅಡಿಕೆ ಸಂಚಿ ತೆಗೆದು, ಟಿಕೆಟ್ಟನ್ನ ನಾಲ್ಕು ಮಡಿಕೆ ಮಾಡಿ ಒಳಗಿಟ್ಟು, ದಾರ ಎಳೆದು ಕಟ್ಟಿದ್ರು. "ಸರಿಯೇನವ್ವಾ?" ಅಂದ್ರು. ಸರಿ ಅಂತ ಇವಳು ತಲೆ ಆಡ್ಸಿದ್ಲು. ಇಳಿಯುವಾಗ ಅಜ್ಜಿ ಒಂದು ಗೇಣು ಕನಕಾಂಬರ ಮುರಿದು ಇವಳ ಜಡೆಗೆ ಸಿಕ್ಸಿ ಹೋದ್ರು.

ಅವಳು ಯಾರನ್ನೂ ಗದರ್ಲಿಲ್ಲ ಅನ್ನೋದನ್ನ ಹೇಳ್ಲೇಬೇಕು. ತಾನು ದೊಡ್ಡ ಮನುಷ್ಯಳು ಅನ್ನೋ ಭಾವ ಅವಳ ಮೈ ತುಂಬ ಇತ್ತು, ಬೆನ್ನು ನೆಟ್ಟಗೆ, ಗದ್ದ ಮೇಲೆ, ಆದ್ರೆ ಅದಕ್ಕೋಸ್ಕರ ಇನ್ನೊಬ್ರು ಚಿಕ್ಕೋರಾಗ್ಬೇಕು ಅಂತ ಅವಳಿಗೆ ಹೊಳೆದೇ ಇಲ್ಲ. ಅವಳಿಗೆ ಒಂದು ಟಿಕೆಟ್ ಸಿಕ್ತು, ಎಲ್ಲಾರ್ಗೂ ಒಂದೊಂದು ಸಿಗ್ಲಿ, ಅಷ್ಟೇ ಅವಳ ಲೆಕ್ಕ. ನಮ್ಮ ಕೌಂಟರ್‌ನಲ್ಲಿ ನೋಡ್ತೀನಿ ನಾನು, ಕ್ಯೂ ಬಿಟ್ಟು ಮುಂದೆ ಬಂದು ನಾನು ಯಾರು ಗೊತ್ತಾ ಅನ್ನೋರು, ಅವರಿಗೆ ತಾವು ಮುಖ್ಯ ಅನ್ಸೋಕೆ ಹಿಂದೆ ಹತ್ತು ಜನ ಕಾಯ್ತಿರ್ಬೇಕು. ದುಡ್ಡು ಕೊಟ್ಟೋರು ನಿಂತಿದೀವಿ ಅಂದ ಆ ಮನುಷ್ಯರನ್ನೂ ಆ ಸೀಟಲ್ಲಿ ಕೂತು ನೆನೆಸ್ಕೊಂಡೆ. ಅವರಿಗೂ ದಿನವಿಡೀ ನಿಂತು ಕಾಲು ನೋವಿತ್ತೇನೋ, ಯಾರೂ ಅವರನ್ನ "ಎಲ್ಲಿಗೆ ಸಾರ್" ಅಂತ ಬಗ್ಗಿ ಕೇಳಿರ್ಲಿಲ್ವೇನೋ. ಅವತ್ತಿನ ಸಿಟ್ಟು ಅರ್ಧಕ್ಕರ್ಧ ಇಳೀತು. ಪೂರ್ತಿ ಇಳೀಲಿಲ್ಲ, ಸುಳ್ಳು ಹೇಳಲ್ಲ.

ದಾರಿ ಬಗ್ಗೆ ಹೇಳ್ಬೇಕಲ್ಲ. ವಿಲ್ಸನ್ ಗಾರ್ಡನ್, ಡೈರಿ ಸರ್ಕಲ್, ಜಯದೇವ, ಬಿಳೇಕಹಳ್ಳಿ, ಐಐಎಂ, ಅರೆಕೆರೆ, ಹುಳಿಮಾವು, ಗೊಟ್ಟಿಗೆರೆ, ಹಿಂಗೆ ಹೋಗುತ್ತೆ. ಪಾರ್ಕು ಸಿಟಿಯಿಂದ ಸುಮಾರು 22 ಕಿಲೋಮೀಟರ್. ಬನ್ನೇರುಘಟ್ಟ ರೋಡಿನ ಟ್ರಾಫಿಕ್ ಎಲ್ಲರಿಗೂ ಗೊತ್ತಿರೋದೇ, ಅದಕ್ಕೇ ಬೆಳಗ್ಗೆ ಬೇಗ ಅಂದಿದ್ದು, ಹೋಗುವಾಗ ಸಲೀಸು, ಬರುವಾಗ ಸಂಜೆ ಆದ್ರೆ ರಶ್ ಇದ್ದೇ ಇರುತ್ತೆ, ಮೂರು ಗಂಟೆಗೆಲ್ಲ ವಾಪಸ್ ಹೊರಟುಬಿಡಿ. ನೀರು, ಒಂದು ಡಬ್ಬಿ ಚಿತ್ರಾನ್ನ ಇಟ್ಕೊಳಿ. ಮುಂದಿನ ಸೀಟಲ್ಲಿ ಕೂತ್ರೆ ಮಕ್ಕಳಿಗೆ ಇಡೀ ಊರು ಟಿವಿ ಥರ ಕಾಣುತ್ತೆ, ಮೆಟ್ರೋ ಕಂಬಗಳು, ಮರಗಳು, ಮುಂದೆ ಹೋಗೋ ಸ್ಕೂಟರ್ ಮೇಲಿನ ನಾಯಿಮರಿ ಎಲ್ಲಾ. ಪ್ರತಿ ಸ್ಟಾಪಲ್ಲೂ ಕಂಡಕ್ಟರ್ ರೈಟ್ ಅನ್ನೋಕೆ ಮುಂಚೆ ಇವಳು ಬಾಗ್ಲಲ್ಲಿ ಯಾರಾದ್ರೂ ಇದಾರಾ ಅಂತ ಬಗ್ಗಿ ನೋಡಿ, ಯಾರೂ ಇಲ್ಲ ಅಂದ್ರೆ ಅವರ ಕಡೆ ತಿರುಗಿ ತಲೆ ಆಡ್ಸೋಳು. ಡೈರಿ ಸರ್ಕಲ್ ದಾಟಿದ ಮೇಲೆ ಅವರೂ ಇವಳ ತಲೆ ಆಡೋದನ್ನ ನೋಡಿಯೇ ರೈಟ್ ಅನ್ನೋಕೆ ಶುರು ಮಾಡಿದ್ರು. ಒಂದ್ಸಲ ಅರೆಕೆರೆಯಲ್ಲಿ ಒಬ್ರು ಮಗು ಎತ್ಕೊಂಡು ಓಡಿ ಬರ್ತಿದ್ರು, ಇವಳು ತಲೆ ಆಡಿಸ್ದೆ ಕೈ ಅಡ್ಡ ಹಿಡಿದ್ಲು, ಬಸ್ಸು ನಿಂತಿತ್ತು, ಅವರು ಹತ್ತಿದ್ರು. ಅವರಿಗೆ ಯಾರಿಂದ ಬಸ್ಸು ಸಿಕ್ತು ಅಂತ ಗೊತ್ತಿಲ್ಲ, ಇವಳೂ ಹೇಳ್ಕೊಳ್ಲಿಲ್ಲ, ಟಿಕೆಟ್ ತಗೊಂಡ್ರಾ ಅಂತ ಕೇಳಿದ್ಲು ಅಷ್ಟೇ.

ಪಾರ್ಕ್ ಬಗ್ಗೆ ಬೇಕಾದಷ್ಟು ಜನ ಬರೆದಿದಾರೆ, ಸಫಾರಿ ಚೆನ್ನಾಗಿದೆ, ಚಿಟ್ಟೆ ಪಾರ್ಕ್ ತಪ್ಪಿಸ್ಬೇಡಿ, 2006ರಲ್ಲಿ ಶುರುವಾಗಿದ್ದು, ಬಿಸಿಲಿದ್ದಷ್ಟೂ ಚಿಟ್ಟೆ ಜಾಸ್ತಿ ಕಾಣುತ್ತೆ. ಸಿಂಹ ನೋಡುವಾಗ್ಲೂ ಒಂದು ಕೈ ಜೇಬಿನ ಮೇಲೇ ಇತ್ತು ಅವಳದ್ದು.

ವಾಪಸ್ ಬರುವಾಗ ಬೇರೆ 365, ಬೇರೆ ಕಂಡಕ್ಟರ್, ಅವರು ಅವಸರದಲ್ಲಿದ್ರು, ಬಸ್ಸು ತುಂಬಿತ್ತು. ನಾನು ಈ ಸಲ ಬಾಯಿ ಬಿಟ್ಟು "ಮೆಜೆಸ್ಟಿಕ್ ಒಂದು" ಅಂದೆ. ಪಕ್ಕದಲ್ಲಿದ್ದೋರು ತಿರುಗಿ ನೋಡಿದ್ರು, ಅಷ್ಟು ಜೋರಾಗಿತ್ತೇನೋ ದನಿ. ನನ್ನ ಹಿಂದೇನೇ ಇನ್ನೊಂದು ಸಣ್ಣ ದನಿ, ನಿದ್ದೆಗಣ್ಣಲ್ಲಿ, "ನಂದೂ ಒಂದು." ಹುಳಿಮಾವು ಬರೋಷ್ಟ್ರಲ್ಲಿ ನನ್ನ ತೊಡೆ ಮೇಲೆ ಮಲಗಿದ್ಲು, ಮುಷ್ಟಿ ಬಿಗಿ. ಕೂತಿರೋ ಸೀಟು ನಂದು ಅಂತ ಅನ್ನಿಸಿ ನಾನು ಬೆನ್ನು ಒರಗಿಸಿ ಕೂತೆ. ಎಷ್ಟೋ ತಿಂಗಳಿಂದ ಸೀಟಿನ ತುದೀಲೇ ಕೂರ್ತಿದ್ದೆ ಅಂತ ಆಗ್ಲೇ ಗೊತ್ತಾಗಿದ್ದು.

ಇನ್ನೊಂದು ವಿಷ್ಯ, ಮಕ್ಕಳು ಟಿಕೆಟ್ ಜೋಪಾನ ಮಾಡ್ತಾರೆ ಅಂದ್ರೆ ಇದು ನಿಮಗೆ ಉಪಯೋಗ ಆಗುತ್ತೆ. ಈ ಮಿಷಿನ್ ಟಿಕೆಟ್‌ನಲ್ಲಿ ಇಂಕ್ ಇರಲ್ಲ, ನಮ್ಮ ಲ್ಯಾಬಿನ ಬಿಲ್ಲೂ ಅದೇ ಪೇಪರ್ರು, ಕಾಗದಕ್ಕೇ ಒಂದು ಲೇಪ ಇರುತ್ತೆ, ಬಿಸಿ ತಾಗಿದ ಕಡೆ ಕಪ್ಪಾಗುತ್ತೆ, ಅದೇ ಅಕ್ಷರ. ಬಿಸಿಲಿಗೆ, ಬೆವರಿಗೆ, ಎಣ್ಣೆ ಕೈಗೆ ಬೇಗ ಮಾಸಿ ಹೋಗುತ್ತೆ. ಅವಳು ಅದನ್ನ ಕಂಪಾಸ್ ಬಾಕ್ಸಲ್ಲಿಟ್ಟು ದಿನಾ ತೆಗೆದು ನೋಡಿ ನೋಡಿ ಎರಡು ವಾರಕ್ಕೇ ಅಂಚು ಬೆಳ್ಳಗಾಗೋಕೆ ಶುರುವಾಯ್ತು. ಮೊನ್ನೆ ಅಳು ಮುಖ ಮಾಡ್ಕೊಂಡು ಬಂದ್ಲು, "ಅಮ್ಮ ಬನ್ನೇರುಘಟ್ಟ ಹೋಗ್ತಾ ಇದೆ" ಅಂತ. ಪೂರ್ತಿ ಹೋಗೋಕೆ ಮುಂಚೆ ಜೆರಾಕ್ಸ್ ತೆಗ್ಸೋಣ ಬಾ ಅಂದೆ.

ರಸ್ತೆ ಕೊನೆ ಅಂಗಡಿಗೆ ಹೋದ್ವಿ. ಒಂದು ಹಾಳೆಗೆ ಎರಡು ರೂಪಾಯಿ. ಗ್ಲಾಸಿನ ಮೇಲೆ ಅವಳ ಟಿಕೆಟ್ ಇಟ್ರೆ ಇಷ್ಟು ದೊಡ್ಡ ಹಾಳೇಲಿ ಅದೊಂದು ಚೂರು, ಎಷ್ಟು ಜಾಗ ಖಾಲಿ. "ನಿಂದೂ ಇಡು ಅಮ್ಮ" ಅಂದ್ಲು. ನಂದು ಎಲ್ಲಿರುತ್ತೆ, ಅಂದ್ರೂ ಬ್ಯಾಗಿನ ತಳಕ್ಕೆ ಕೈ ಹಾಕಿ ಹುಡುಕಿದೆ, ಕೀ ಗೊಂಚಲು, ಹಳೇ ಮಾತ್ರೆ ಸ್ಟ್ರಿಪ್ಪು, ಎಷ್ಟೋ ಚೀಟಿ ಉಂಡೆಗಳು. ಒಂದೊಂದೇ ಬಿಡಿಸಿ ನೋಡಿದ್ವಿ ಕೌಂಟರ್ ಮೇಲೇನೇ, ಅಂಗಡಿಯವರೂ ತಾಳ್ಮೆಯಿಂದ ಕಾದ್ರು. ಐದನೇದೋ ಆರನೇದೋ ಬನ್ನೇರುಘಟ್ಟದ್ದು, ಹೋಗುವಾಗ ಅವಳಾದ ಮೇಲೆ ನಂಗೆ ಕೊಟ್ಟಿದ್ದು, ಆವತ್ತೂ ಅಭ್ಯಾಸಕ್ಕೆ ಮುದುರಿ ಹಾಕಿದ್ದೆ. ಅವಳು ಅದನ್ನ ಅಂಗೈಯಲ್ಲಿ ಒತ್ತಿ ಒತ್ತಿ ಚಪ್ಪಟೆ ಮಾಡಿ ತನ್ನದರ ಪಕ್ಕದಲ್ಲಿಟ್ಲು. ಆ ಹಾಳೆ ಈಗ ಅಡುಗೆಮನೆ ಬಾಗ್ಲ ಹಿಂದೆ ಅಂಟ್ಸಿದೀವಿ. ಅವಳ ಟಿಕೆಟ್ಟು ನೀಟಾಗಿ ಬಂದಿದೆ, ನನ್ನದರಲ್ಲಿ ಅಕ್ಷರದ ಜೊತೆ ಮುದುರಿದ ಗೆರೆಗಳೂ ಬಂದಿದಾವೆ.